ಕಂಬದ ಪಕ್ಕದ ಮಿಷಿನ್ನು

ಗಾರ್ಮೆಂಟ್ಸ್ ಸೇರಿದ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿಗೆ ಮಾತ್ರ. ಒಳಗೆ ಹೋಗಿ ಕೂತ ಮೇಲೆ ಶರ್ಟಿನ ಯಾವ ಭಾಗ ಹೊಲಿಯುತ್ತಾಳೋ ಅದೇ ಅವಳ ಮನೆತನದ ಹೆಸರು. ಕಫ್ ಹೊಲಿಯುವ ವನಜಾ ಕಫ್ ವನಜಾ, ಜೇಬು ಕೂರಿಸುವ ಗಂಗಲಕ್ಷ್ಮಿ ಪಾಕೆಟ್ ಗಂಗಲಕ್ಷ್ಮಿ. ತೋಳು ಜೋಡಿಸುವ ಜಯಕ್ಕನನ್ನು ತೋಳು ಜಯಕ್ಕ ಅನ್ನುತ್ತಿದ್ದರು, ಅವಳ ಮಗಳ ಮದುವೆಯ ಚಪ್ಪರದಲ್ಲೂ ಯಾರೋ ಹಾಗೇ ಕೂಗಿ ಬೀಗರನ್ನು ತಬ್ಬಿಬ್ಬು ಮಾಡಿದ್ದರು. ಮಧುಗಿರಿಯಿಂದ ಪುರವರಕ್ಕೆ ಹೋಗುವ ರಸ್ತೆಯ ಆ ಫ್ಯಾಕ್ಟರಿಯ ಎರಡನೇ ಲೈನಿನಲ್ಲಿ, ಕಂಬದ ಪಕ್ಕದ ಮಿಷಿನ್ನಿನ ಮುಂದೆ ಆರು ವರ್ಷ ಕೂತವಳು ಕಾಲರ್ ಭುವನಾ.

ಕಾಲರು ಅಂದರೆ ಸಾಮಾನ್ಯವಲ್ಲ. ಶರ್ಟು ಕೊಳ್ಳುವವನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಎರಡು ತುದಿ ಒಂದೇ ಸಮ ಬರದಿದ್ದರೆ ಇಡೀ ಶರ್ಟು ಮೋರೆ ಸೊಟ್ಟ ಮಾಡಿಕೊಂಡು ಕೂತಂತೆ ಕಾಣುತ್ತದೆ. ಅದನ್ನು ಎಲ್ಲರ ಕೈಗೂ ಕೊಡುವುದಿಲ್ಲ. ಭುವನಾಗೆ ಅದರ ಜಂಬ ಸ್ವಲ್ಪ ಇತ್ತು. ಇರಲಿ ಬಿಡಿ, ಜಂಬ ಪಡಲು ಆ ಹುಡುಗಿಗೆ ಬೇರೆ ಇನ್ನೇನಿತ್ತು! ಬೆನ್ನು ಸೋತಾಗ ಒಂದು ಕ್ಷಣ ಹಿಂದಕ್ಕೆ ವಾಲಿದರೆ ಕಂಬ ಸಿಗುತ್ತಿತ್ತು. ಅಷ್ಟು ಹೆಂಗಸರಿದ್ದ ಆ ಹಾಲಿನಲ್ಲಿ ಒರಗಲು ಜಾಗವಿದ್ದದ್ದು ಅವಳೊಬ್ಬಳಿಗೇ.

ಹೆರಿಗೆ ರಜೆ ಮುಗಿಯುತ್ತ ಬಂದಾಗ ಮನೆಯಲ್ಲಿ ಸಣ್ಣದೊಂದು ಪಂಚಾಯಿತಿಯೇ ನಡೆಯಿತು. ಗಂಡ ನವೀನ್‌ಕುಮಾರ್ ಮಧುಗಿರಿಯಲ್ಲಿ ಲಗೇಜ್ ಆಟೋ ಓಡಿಸುವವನು, ಅವನು ಅಮ್ಮನ ಕಡೆಗೂ ವಾಲದೆ ಹೆಂಡತಿಯ ಕಡೆಗೂ ವಾಲದೆ ಚಾಪೆಯ ಮೇಲೆ ಮೊಬೈಲು ನೋಡುತ್ತ ಮಲಗಿದ್ದ. ಅತ್ತೆ ಚಿಕ್ಕಹನುಮಕ್ಕನದು ಒಂದೇ ಮಾತು: ಕೂಸಿಗೆ ಹಲ್ಲು ಬರುವ ತನಕ ತಾಯಿ ಹೊಸಿಲು ದಾಟಬಾರದು. ಆಗ ಭುವನಾ ಬಿಟ್ಟ ಬಾಣ ಒಂದೇ.

“ನನ್ ಮಿಷಿನ್ ನಂಗೇಂತ ಮಡಗವ್ರೆ ಅತ್ತೆ. ಈಗ ಹೋಗ್ಲಿಲ್ಲಾಂದ್ರೆ ಬೇರೆಯೋರ್ನ ಕೂರಿಸ್ಬುಡ್ತಾರೆ.”

ಆ ಮಾತು ನಾಟಿತು. ವರ್ಷಕ್ಕೊಂದು ಸಲ ಆಯುಧಪೂಜೆಯ ದಿನ ಫ್ಯಾಕ್ಟರಿಯ ಗೇಟು ಮನೆಯವರಿಗೂ ತೆರೆಯುತ್ತದೆ. ಮದುವೆಯಾದ ವರ್ಷ ಚಿಕ್ಕಹನುಮಕ್ಕ ಹೋಗಿ ಸೊಸೆಯ ಮಿಷಿನ್ನು ನೋಡಿ ಬಂದಿದ್ದಳು. ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಊರಿಗೆ ಬಂದು ವಾರವೆಲ್ಲ ಅದರ ಹೊಳಪಿನ ಸುದ್ದಿಯನ್ನೇ ಹೇಳಿದ್ದಳು. ಹೊಲ ಮನೆ ಅಂತ ಜೀವ ತೇದವಳಿಗೆ, ತನ್ನ ಮನೆಯ ಹೆಣ್ಣಿನ ಹೆಸರಿನಲ್ಲಿ ಅಂಥದೊಂದು ಇದೆ ಎನ್ನುವುದು ದೊಡ್ಡ ವಿಷಯವಾಗಿತ್ತು. ಅದನ್ನು ಬೇರೆಯವರ ಪಾಲು ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಕೂಸನ್ನು ತಾನು ನೋಡಿಕೊಳ್ಳುತ್ತೇನೆ, ಹೋಗು ಅಂದಳು.

ಶ್ರಾವಣದ ಮೊದಲ ವಾರ ಭುವನಾ ಕೆಲಸಕ್ಕೆ ಬಂದಳು. ಲೈನಿಗೆ ಹೋಗುವ ಮೊದಲೇ ಆಫೀಸಿನಿಂದ ಕರೆ ಬಂತು. ಅಲ್ಲಿ ಹೊಸದಾಗಿ ಬಂದಿದ್ದ ಪ್ರಸನ್ನ ಕುಮಾರ್ ಎಂಬ ಮ್ಯಾನೇಜರು ಕುರ್ಚಿ ತೋರಿಸಿ ಕೂರಿಸಿದ, ನೀರು ಕೊಡಿಸಿದ, ಮಗು ಗಂಡೋ ಹೆಣ್ಣೋ ಕೇಳಿದ. ಇಷ್ಟು ಮರ್ಯಾದೆ ಕೊಡುತ್ತಿದ್ದಾರೆ ಅಂದರೆ ಏನೋ ಕಾದಿದೆ ಅಂತ ಅವಳಿಗೆ ಆಗಲೇ ಅನ್ನಿಸಿತು.

“ನಿಮ್ಮಂಥ ಅನುಭವ ಇರೋರನ್ನ ಒಂದೇ ಮಿಷಿನ್ನಿಗೆ ಕಟ್ಟಿಹಾಕೋದು ಸರಿಯಲ್ಲ ಮೇಡಂ. ಇನ್ಮೇಲೆ ನೀವು ಮಲ್ಟಿಸ್ಕಿಲ್” ಎಂದ ಪ್ರಸನ್ನ ಕುಮಾರ್. ಸಂಬಳ ಅಷ್ಟೇ ಇರುತ್ತದೆ, ಒಂದು ಪೈಸೆ ಕಡಿಮೆಯಾಗುವುದಿಲ್ಲ ಅಂತಲೂ ಹೇಳಿದ. ಇಂಥವರ ಜೊತೆ ಜಗಳ ಆಡುವುದು ಬಲು ಕಷ್ಟ. ಕೆಲಸದಿಂದ ತೆಗೆದಿದ್ದರೆ ಕೂಗಾಡಬಹುದಿತ್ತು, ಸಂಬಳ ಕಡಿದಿದ್ದರೆ ನಾಲ್ಕು ಜನರನ್ನು ಸೇರಿಸಬಹುದಿತ್ತು. ಬೆಣ್ಣೆಯಂಥ ಮಾತಿಗೆ ಏನು ಎದುರಾಡುವುದು? ಭುವನಾ ತಲೆಯಾಡಿಸಿ ಎದ್ದು ಬಂದಳು.

ಮಲ್ಟಿಸ್ಕಿಲ್ ಅನ್ನುವುದು ಆಫೀಸಿನ ಮಾತು. ಲೈನಿನಲ್ಲಿ ಅದಕ್ಕೆ ಫ್ಲೋಟರ್ ಅನ್ನುತ್ತಾರೆ. ಯಾರು ರಜೆಯೋ ಅವರ ಜಾಗದಲ್ಲಿ ಕೂರುವುದು, ಯಾರು ಬಾತ್‌ರೂಮಿಗೆ ಎದ್ದರೋ ಅವರು ಬರುವ ತನಕ ಲೈನು ನಿಲ್ಲದಂತೆ ನೋಡಿಕೊಳ್ಳುವುದು, ಯಾರೂ ಏಳದಿದ್ದರೆ ಸುಮ್ಮನೆ ನಿಂತಿರುವುದು. ಕಂಬದ ಪಕ್ಕದ ಮಿಷಿನ್ನಿನಲ್ಲಿ ಗೌಸಿಯಾ ಕೂತಿದ್ದಳು. ಶಿರಾ ಕಡೆಯ ಹುಡುಗಿ, ಮಧುಗಿರಿಗೆ ಮದುವೆಯಾಗಿ ಬಂದವಳು, ಎತ್ತರದ ಆಳು. ರಜೆಗೆ ಹೋಗುವ ಮುಂಚೆ ಹೊಟ್ಟೆ ಹೊತ್ತುಕೊಂಡು ಪಕ್ಕದಲ್ಲಿ ನಿಂತು, ಕಾಲರಿನ ತುದಿ ಹೇಗೆ ತಿರುಗಿಸಬೇಕು ಅಂತ ಅವಳಿಗೆ ಕಲಿಸಿಕೊಟ್ಟವಳು ಭುವನಾನೇ. ಬರುವ ತನಕ ನೋಡಿಕೋ ಅಂತ ಹೇಳಿ ಹೋಗಿದ್ದಳು. ಗೌಸಿಯಾ ಚೆನ್ನಾಗಿಯೇ ನೋಡಿಕೊಂಡಿದ್ದಳು.

ಮೊದಲ ಕೆಲವು ದಿನ ಭುವನಾ ಹೊಟ್ಟೆಕಿಚ್ಚಿನಿಂದ ಗೌಸಿಯಾ ಹೊಲಿದ ಕಾಲರುಗಳನ್ನು ಕದ್ದು ಎತ್ತಿ ನೋಡಿದಳು. ಒಂದು ಸೊಟ್ಟ ಸಿಕ್ಕಿದ್ದರೆ ಜೀವಕ್ಕೆ ತಂಪಾಗುತ್ತಿತ್ತು. ಸಿಗಲಿಲ್ಲ. ತಾನೇ ಕಲಿಸಿದ್ದಲ್ಲವೇ, ತಪ್ಪು ಎಲ್ಲಿಂದ ಸಿಗಬೇಕು. ಗೌಸಿಯಾ ರಜೆ ಹಾಕಲಿಲ್ಲ, ಊಟದ ಬೆಲ್ಲಿಗೆ ಮೊದಲು ಎದ್ದದ್ದೂ ಇಲ್ಲ, ಹಾಗಾಗಿ ಆ ಸ್ಟೂಲು ಮಾತ್ರ ಭುವನಾಳ ಪಾಲಿಗೆ ಬರಲೇ ಇಲ್ಲ.

ಒಬ್ಬೊಬ್ಬರ ಮಿಷಿನ್ನು ಒಬ್ಬೊಬ್ಬರ ಮನೆಯ ಒಲೆಯ ಹಾಗೆ, ಎಷ್ಟು ಊದಬೇಕು ಅನ್ನುವುದು ಆ ಮನೆಯವಳಿಗೇ ಗೊತ್ತು. ಒಂದರಲ್ಲಿ ದಾರ ಬಿಗಿ, ಇನ್ನೊಂದರಲ್ಲಿ ಪೆಡಲು ಸಡಿಲ. ಸ್ಟೂಲಿನ ಮೇಲೆ ಒಬ್ಬಳದು ಹಳೆ ಸೀರೆಯ ಮೆತ್ತೆ, ಒಬ್ಬಳದು ಬರೀ ಕಬ್ಬಿಣ. ಭುವನಾ ಒಂದಕ್ಕೆ ಕೈ ಹೊಂದಿಸಿಕೊಳ್ಳುವಷ್ಟರಲ್ಲಿ ಪೀಸುಗಳು ಮೇಜಿನ ಮೇಲೆ ಗುಡ್ಡೆ ಬೀಳುತ್ತಿದ್ದವು, ಸೂಪರ್‌ವೈಸರು ತಲೆಯ ಮೇಲೆ ಬಂದು ನಿಲ್ಲುತ್ತಿದ್ದ. ಮಾರನೆಯ ದಿನ ಮಿಷಿನ್ನಿನ ಒಡತಿ ಬಂದು, ನನ್ನ ಮಿಷಿನ್ನು ಯಾರು ಕೆಡಿಸಿದ್ದು ಅಂತ ರಾಗ ತೆಗೆಯುತ್ತಿದ್ದಳು. ಪಾಕೆಟ್ ಗಂಗಲಕ್ಷ್ಮಿಯಂತೂ ತನ್ನ ಮೆತ್ತೆಯನ್ನು ದಿನಾ ಸಂಜೆ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯತೊಡಗಿದಳು. ಕಾಲರ್ ಭುವನಾ ಅಂತ ಕರೆಯುವುದನ್ನು ಯಾರೂ ಬೇಕೆಂದು ನಿಲ್ಲಿಸಲಿಲ್ಲ. ಅದು ತಾನಾಗಿಯೇ ನಿಂತುಹೋಯಿತು.

ಇದೆಲ್ಲವನ್ನೂ ಹಲ್ಲು ಕಚ್ಚಿ ತಡೆದುಕೊಳ್ಳಬಹುದಿತ್ತು. ಎದೆಯ ಹಾಲನ್ನು ತಡೆಯುವುದು ಹೇಗೆ? ಹನ್ನೊಂದು ಗಂಟೆಯ ಹೊತ್ತಿಗೆ ಎದೆ ಕಲ್ಲಾಗುತ್ತಿತ್ತು. ಬೇರೆಯವರು ಎದ್ದರೆ ಕೂರಬೇಕಾದವಳು ಇವಳು, ಇವಳು ಎದ್ದರೆ ಕೂರಲು ಯಾರೂ ಇಲ್ಲ. ಊಟದ ಬೆಲ್ಲು ಹೊಡೆಯುವ ತನಕ ಫ್ಯಾಕ್ಟರಿಯವರು ಕೊಟ್ಟ ಕೋಟಿನ ಒಳಗೆ ಬಟ್ಟೆ ಮಡಿಸಿ ಒತ್ತಿಕೊಂಡು ಕೂರುತ್ತಿದ್ದಳು. ಆಮೇಲೆ ಬಾತ್‌ರೂಮಿಗೆ ಓಡಿ, ಗೋಡೆಗೆ ಮುಖ ಮಾಡಿ ಹಿಂಡಿ ಚೆಲ್ಲಿ, ಅದರ ಮೇಲೆ ಒಂದು ಚೊಂಬು ನೀರು ಸುರಿಯುತ್ತಿದ್ದಳು. ಹಾಗೆ ಸುರಿಯುವಾಗ ಪ್ರತಿ ದಿನವೂ ಅಳು ಬರುತ್ತಿತ್ತು. ಬರಬರುತ್ತ ಹಾಲೇ ಕಡಿಮೆಯಾಯಿತು, ಅಳುವುದಕ್ಕೂ ಶಕ್ತಿ ಉಳಿಯಲಿಲ್ಲ. ಸಂಜೆ ಮನೆಗೆ ಹೋಗಿ ಮಡಿಲಿಗೆ ಎಳೆದುಕೊಂಡರೆ ಮಗಳು ಪುಟ್ಟಿ ಸ್ವಲ್ಪ ಹೊತ್ತು ಚೀಪಿ, ಮುಖ ತಿರುಗಿಸಿ, ಅಜ್ಜಿಯ ಕೈಯ ಬಾಟಲಿಯ ಕಡೆ ನೋಡುತ್ತಿದ್ದಳು.

ಮನೆಯಲ್ಲಿ ಮಾತ್ರ ಅವಳು ಈ ಯಾವುದರ ಬಗ್ಗೆಯೂ ಬಾಯಿ ಬಿಡಲಿಲ್ಲ. ಮಿಷಿನ್ನು ಹೋಯಿತು ಅಂದರೆ, ಇನ್ನೇನಕ್ಕೆ ಹೋಗುತ್ತೀಯ, ಮನೆಯಲ್ಲಿರು ಅನ್ನುವುದು ಖಂಡಿತ. ಮನೆಯಲ್ಲಿ ಉಳಿದರೆ ಮತ್ತೆ ಯಾವ ಕೆಲಸಕ್ಕೂ ತನ್ನನ್ನು ಕಳಿಸುವುದಿಲ್ಲ ಅನ್ನುವುದೂ ಖಂಡಿತ. ಮಿಷಿನ್ನು ಹೆಂಗೈತೆ ಅಂತ ಚಿಕ್ಕಹನುಮಕ್ಕ ಕರುವನ್ನೋ ಕುರಿಯನ್ನೋ ವಿಚಾರಿಸುವ ಹಾಗೆ ಆಗಾಗ ಕೇಳುತ್ತಿದ್ದಳು. ಚೆನ್ನಾಗೈತೆ ಅತ್ತೆ ಅನ್ನುತ್ತಿದ್ದಳು ಭುವನಾ. ಪ್ರತಿ ಸಲವೂ ಒಂದು ಸುಳ್ಳು, ಪ್ರತಿ ಸುಳ್ಳಿಗೂ ಸ್ವಲ್ಪ ಹೆಚ್ಚು ಸುಸ್ತು.

ಆಯುಧಪೂಜೆ ಹತ್ತಿರ ಬಂದಿತು. ಕೂಸಿಗೆ ಇದು ಮೊದಲನೇದು, ಮೊಮ್ಮಗಳನ್ನು ಅದರವ್ವನ ಮಿಷಿನ್ನಿನ ಮೇಲೆ ಕೂರಿಸಿ ಕುಂಕುಮ ಇಡಿಸಿಕೊಂಡು ಬರುತ್ತೇನೆ ಅಂತ ಚಿಕ್ಕಹನುಮಕ್ಕ ಹಟ ಹಿಡಿದಳು. ಧೂಳು, ಜನ, ಕೂಸಿಗೆ ದೃಷ್ಟಿಯಾಗುತ್ತದೆ ಅಂತ ಭುವನಾ ಏನೇನೋ ಹೇಳಿದಳು. ಕೊನೆಗೆ ಈ ಸಲ ಮನೆಯವರನ್ನು ಬಿಡುವುದಿಲ್ಲವಂತೆ ಅಂದುಬಿಟ್ಟಳು. ಅದೇ ಸಂಜೆ ನವೀನ್‌ಕುಮಾರ್ ಬಂದು, ಫ್ಯಾಕ್ಟರಿಗೆ ಬಾಳೆಕಂದು, ಬೂದುಗುಂಬಳಕಾಯಿ ಇಳಿಸಿ ಬಂದೆ, ಈ ಸಲ ಮನೆಯವರಿಗೂ ಕಡ್ಲೆಪುರಿ ಪೊಟ್ಟಣ ಕೊಡುತ್ತಾರಂತೆ ಅಂತ ಹರ್ಷದಿಂದ ಹೇಳಿದ. ಗಂಡಸರಿಗೆ ಯಾವ ಹೊತ್ತಿನಲ್ಲಿ ಯಾವ ಮಾತು ಆಡಬೇಕು ಅನ್ನುವುದನ್ನು ಯಾವ ದೇವರೂ ಕಲಿಸಿಲ್ಲ.

ಹಬ್ಬದ ದಿನ ಚಿಕ್ಕಹನುಮಕ್ಕ ಬೆಳಕು ಹರಿಯುವ ಮುಂಚೆಯೇ ಎದ್ದು ಸೇವಂತಿಗೆ ಹಾರ ಕಟ್ಟಿದ್ದಳು. ಮಿಷಿನ್ನಿನ ಉದ್ದ ಅವಳಿಗೆ ಇನ್ನೂ ನೆನಪಿತ್ತು.

ಫ್ಯಾಕ್ಟರಿಯ ಒಳಗೆ ಬಣ್ಣದ ಕಾಗದ, ಬಲೂನು, ಊದುಬತ್ತಿಯ ಹೊಗೆ. ಒಬ್ಬೊಬ್ಬಳೂ ತನ್ನ ಮಿಷಿನ್ನಿನ ಧೂಳು ಕೊಡವಿ ಒರೆಸಿ, ವಿಭೂತಿ ಬಳಿದು, ಹೂವು ಮುಡಿಸಿ, ಪಕ್ಕದಲ್ಲಿ ಹೊಸ ಸೀರೆ ಉಟ್ಟು ನಿಂತಿದ್ದಳು. ಪೂಜೆಯಾದ ಮೇಲೆ ಆ ದಿನ ಯಾರೂ ಅದನ್ನು ಓಡಿಸುವುದಿಲ್ಲ, ವರ್ಷಕ್ಕೊಂದು ದಿನ ಅದಕ್ಕೂ ರಜೆ. ಲೈನಿನಲ್ಲಿದ್ದ ಮುಸ್ಲಿಂ ಹೆಂಗಸರು ತಮ್ಮ ಮಿಷಿನ್ನುಗಳನ್ನು ಕನ್ನಡಿಯಂತೆ ಒರೆಸಿ, ಎಣ್ಣೆ ಬಿಟ್ಟು ಇಡುತ್ತಿದ್ದರು. ಹೂವು ಕುಂಕುಮವನ್ನು ಪಕ್ಕದ ಮಿಷಿನ್ನಿನವಳು ಒಂದು ಮಾತು ಕೇಳಿ ಇಡುವುದು ಅಲ್ಲಿ ಮೊದಲಿಂದ ನಡೆದುಬಂದದ್ದು. ಕಂಬದ ಪಕ್ಕದ ಮಿಷಿನ್ನು ಇನ್ನೂ ಬರಿದಾಗಿತ್ತು. ಗೌಸಿಯಾ ಅದನ್ನು ಹಳದಿ ಬಟ್ಟೆಯಲ್ಲಿ ಒರೆಸುತ್ತಿದ್ದಳು.

ಭುವನಾ ಅತ್ತೆಯನ್ನು ಬೇರೆ ಕಡೆ ಕರೆದೊಯ್ಯಲು ನೋಡಿದಳು. ಆಗಲಿಲ್ಲ. ಕೂಸನ್ನು ಸೊಂಟಕ್ಕೇರಿಸಿಕೊಂಡು, ಹಾರದ ಚೀಲ ಹಿಡಿದುಕೊಂಡು, ಚಿಕ್ಕಹನುಮಕ್ಕ ನೆಟ್ಟಗೆ ಕಂಬದ ಹತ್ತಿರ ಹೋಗಿ ನಿಂತಳು.

“ಇದೇ ಅಲ್ವೇನಮ್ಮ?”

ಗೌಸಿಯಾ ಒರೆಸುವುದನ್ನು ನಿಲ್ಲಿಸಿದಳು. ಮುದುಕಿಯನ್ನು ನೋಡಿದಳು, ಚೀಲದಿಂದ ಹೊರಬರುತ್ತಿದ್ದ ಹಾರ ನೋಡಿದಳು, ಆಮೇಲೆ ಭುವನಾಳ ಮುಖ ನೋಡಿದಳು. ಅಷ್ಟರಲ್ಲಿ ಅವಳಿಗೆ ಏನು ತಿಳಿಯಿತೋ.

“ಹೌದಮ್ಮ, ಇದೇ. ಭುವನಕ್ಕಂದೇ” ಅಂದಳು. “ನಾನು ಒರೆಸಿ ಇಟ್ಟಿದೀನಿ. ಪೂಜೆ ಮಾಡ್ಕೊಳ್ಳಿ.” ಹೇಳಿ ಬಟ್ಟೆ ಮಡಿಸಿಕೊಂಡು ಕಂಬದ ಬದಿಗೆ ಸರಿದು ನಿಂತಳು. ಅತ್ತ ಕಫ್ ವನಜಾ ಬಾಯಿ ತೆರೆದಿದ್ದವಳು ಹಾಗೇ ಮುಚ್ಚಿಕೊಂಡಳು.

ಹಾರ ಸರಿಯಾಗಿ ಕೂತಿತು. ಭುವನಾ ವಿಭೂತಿ ಬಳಿದಳು, ಕುಂಕುಮ ಇಟ್ಟಳು. ಎಷ್ಟೋ ದಿನದ ಮೇಲೆ ಅದರ ತಣ್ಣನೆಯ ಮೈ ಕೈಗೆ ಸಿಕ್ಕಿತ್ತು. ಚಿಕ್ಕಹನುಮಕ್ಕ ಪುಟ್ಟಿಯನ್ನು ಮೇಜಿನ ಮೇಲೆ ಕೂರಿಸಿ ಕರ್ಪೂರ ಹಚ್ಚಿದಳು. ಕೂಸು ಬೆಳಕಿನ ಕಡೆ ನೋಡಲಿಲ್ಲ. ಮೇಜಿನ ಬದಿಗೆ ದಾರದಲ್ಲಿ ಇಳಿಬಿಟ್ಟಿದ್ದ ಸಣ್ಣ ಕತ್ತರಿಯ ಕಡೆ ಕೈ ಚಾಚಿತು. ಭುವನಾ ಗಾಬರಿಯಾಗಿ, ತಾನು ಕೂರುತ್ತಿದ್ದಾಗ ಅದು ಇರುತ್ತಿದ್ದ ಬಲಗಡೆಗೆ ಕೈ ಹಾಕಿದಳು. ಕತ್ತರಿ ಎಡಗಡೆ ಇತ್ತು. ಅಷ್ಟರಲ್ಲಿ ಗೌಸಿಯಾಳ ಕೈ ಬಂದು ಅದನ್ನು ಎತ್ತಿ ಮೇಲಿನ ಮೊಳೆಗೆ ಸಿಕ್ಕಿಸಿ ಆಗಿತ್ತು. ಕರ್ಪೂರದ ತಟ್ಟೆ ಹಿಡಿದ ಚಿಕ್ಕಹನುಮಕ್ಕನ ಕೈ ಒಂದು ಗಳಿಗೆ ನಿಂತು, ಮತ್ತೆ ಸುತ್ತತೊಡಗಿತು.

ಪೂಜೆ ಮುಗಿದ ಮೇಲೆ ಚಿಕ್ಕಹನುಮಕ್ಕ ಗೌಸಿಯಾಳ ಹೆಸರು ಕೇಳಿದಳು, ಊರು ಕೇಳಿದಳು, ಕೂಸನ್ನು ಅವಳ ಕೈಗೆ ಕೊಟ್ಟಳು. ಗೌಸಿಯಾ ಹೊಗೆಗೆ ಮೂಗು ಮುಚ್ಚಿಕೊಂಡೇ, ಅದನ್ನು ಒಂದು ಪಕ್ಕೆಗೆ ಇಟ್ಟು ಸ್ವಲ್ಪ ಹೊತ್ತು ಎತ್ತಿಕೊಂಡಿದ್ದು ವಾಪಸ್ಸು ಕೊಟ್ಟಳು. ಆಮೇಲೆ ಮುದುಕಿ ಕಡ್ಲೆಪುರಿ ಪೊಟ್ಟಣ ತರಲು ಕೂಸಿನೊಂದಿಗೆ ಸಾಲಿನಲ್ಲಿ ಹೋಗಿ ನಿಂತಳು. ಕಂಬದ ಹತ್ತಿರ ಇಬ್ಬರೇ ಉಳಿದರು.

ಮನೆಯಲ್ಲಿ ಹೇಳಿಲ್ಲ ಕಣೇ ಅಂತ ಭುವನಾ ನೆಲ ನೋಡುತ್ತ ಅಂದಳು. ಗೊತ್ತಾಯಿತು ಅಂದಳು ಗೌಸಿಯಾ. ಸುತ್ತ ಒಂದು ಸಲ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು.

“ಇನ್ನು ಸ್ವಲ್ಪ ದಿನ, ನಿಮ್ದೇ ಆಗ್ತದೆ ಅಕ್ಕ. ನಂಗೂ ಮೂರು ತಿಂಗ್ಳು. ಇಲ್ಲಿ ಯಾರಿಗೂ ಹೇಳಿಲ್ಲ.”

ಭುವನಾಳ ಎದೆ ಕುಣಿಯಿತು. ಯಾವ ಮುಚ್ಚುಮರೆ ಇಲ್ಲದೆ ಹೇಳುವುದಾದರೆ, ಆ ಹುಡುಗಿಗೆ ಕೂಸು ಹುಟ್ಟುತ್ತದೆ ಅಂತ ಕುಣಿಯಲಿಲ್ಲ. ಯುಗಾದಿಯ ಹೊತ್ತಿಗೆ ಈ ಸ್ಟೂಲು ಖಾಲಿಯಾಗುತ್ತದೆ, ಕಂಬಕ್ಕೆ ಮತ್ತೆ ಬೆನ್ನು ಕೊಡಬಹುದು, ಮತ್ತೆ ಎಲ್ಲರೂ ಕಾಲರ್ ಭುವನಾ ಅನ್ನುತ್ತಾರೆ ಅಂತ ಕುಣಿಯಿತು. ಒಳ್ಳೇದಾಗಲಿ ಅನ್ನುವ ಮಾತು ಬಾಯಿಗೆ ಬಂದದ್ದು ಅದರ ಹಿಂದೆ, ತಡವಾಗಿ. ಗೌಸಿಯಾ ಮಾತ್ರ ಹಾರದ ಒಂದು ಎಸಳನ್ನು ಸರಿಪಡಿಸುತ್ತ ಕೇಳಿದಳು.

“ನಾನು ವಾಪಸ್ ಬಂದ್ಮೇಲೆ ನನ್ನ ಎಲ್ಲಿ ಕೂರಿಸ್ತಾರಕ್ಕ?”

ಎಲ್ಲಿ ಕೂರಿಸುತ್ತಾರೆ ಅನ್ನುವುದು ಆ ಫ್ಯಾಕ್ಟರಿಯಲ್ಲಿ ಭುವನಾಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿತ್ತು? ತನ್ನ ಎದೆ ಕುಣಿದದ್ದು ನೆನಪಾಗಿ, ಇದೇ ಮಿಷಿನ್ನಿನ ಮೇಲಿಂದ ಏನನ್ನೋ ಕದ್ದು ಸಿಕ್ಕಿಬಿದ್ದವಳಂತೆ ನಾಚಿಕೆಯಾಯಿತು.

ನವೀನ್‌ಕುಮಾರನಿಗೆ ಹಬ್ಬದ ಬಾಡಿಗೆ ಇತ್ತು. ಅತ್ತೆ ಸೊಸೆ ತಮ್ಮೂರು ಪುರವರದ ಬಸ್ಸು ಹತ್ತಿದರು. ಬಸ್ಸಿನ ಮೂತಿಗೂ ಬಾಳೆಕಂದು ಕಟ್ಟಿದ್ದರು. ಪುಟ್ಟಿ ಭುವನಾಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಇವತ್ತು ಹೇಳಿಬಿಡಬೇಕು, ಆದದ್ದಾಗಲಿ, ಇನ್ನು ನನ್ನ ಕೈಲಾಗುವುದಿಲ್ಲ ಅಂದುಕೊಂಡು ಅವಳು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಹನುಮಕ್ಕನೇ ಮಾತೆತ್ತಿದಳು.

“ಆ ಮಿಷಿನ್ನು ಈಗ ಆ ಹುಡ್ಗೀದು, ಅಲ್ವೇನಮ್ಮ?”

ಭುವನಾ ಅತ್ತೆಯ ಮುಖ ನೋಡಿದಳು.

“ಕೂಸು ಕತ್ರಿಗೆ ಕೈ ಹಾಕ್ದಾಗ ನೀನು ಎಲ್ಲೈತೆ ಅಂತ ತಡಕಾಡ್ತಿದ್ದೆ. ಅವ್ಳು ನೋಡ್ದಂಗೇ ತಗುದ್ಲು.”

ಆಗ ಭುವನಾ ಎಲ್ಲವನ್ನೂ ಹೇಳಿದಳು. ಕುರ್ಚಿ, ನೀರು, ಬೆಣ್ಣೆಯಂಥ ಮಾತು, ದಿನಕ್ಕೊಂದು ಸ್ಟೂಲು, ಬಾತ್‌ರೂಮಿನ ಗೋಡೆ. ಅಳಲಿಲ್ಲ, ಅಷ್ಟು ತ್ರಾಣವಿರಲಿಲ್ಲ. ಕೆಲಸ ಬುಟ್ಬುಡು ಅನ್ನುವ ಮಾತಿಗೆ ಕಾದು ಕೂತಳು. ಅನ್ನಲಿ, ಅಂದರೆ ಮಲಗಿ ನಿದ್ದೆಯಾದರೂ ಮಾಡುತ್ತೇನೆ ಅಂತಲೂ ಒಂದು ಗಳಿಗೆ ಅನ್ನಿಸಿತು.

ಚಿಕ್ಕಹನುಮಕ್ಕ ಕಿಟಕಿಯಾಚೆ ನೋಡಿದಳು. ಮಳೆ ಚೆನ್ನಾಗಿ ಬಂದಿತ್ತು, ಎರಡೂ ಬದಿಯ ಹೊಲಗಳಲ್ಲಿ ಕಡಲೆಕಾಯಿ ಗಿಡ ಹರಡಿಕೊಂಡಿತ್ತು. ಆಮೇಲೆ ಕೇಳಿದಳು, ಆ ಹುಡುಗಿಗೆ ಎಷ್ಟು ತಿಂಗಳು ಅಂತ. ನಿಮಗೆ ಯಾರು ಹೇಳಿದರು ಅಂತ ಭುವನಾ ಬೆರಗಾದಳು. ಕರ್ಪೂರದ ಹೊಗೆ ಕಂಡರೆ ಹಾಗೆ ಮೂಗು ಮುಚ್ಚುವುದು, ಕೂಸನ್ನು ಹೊಟ್ಟೆಗೆ ತಾಗದಂತೆ ಎತ್ತಿಕೊಳ್ಳುವುದು, ಇದನ್ನು ಬೇರೆ ಯಾರಾದರೂ ಹೇಳಬೇಕೇ ಅಂದಳು ಮುದುಕಿ. ಮೂರು ತಿಂಗಳು ಅಂದಳು ಭುವನಾ.

“ಅಂಗಾದ್ರೆ ಕೆಲ್ಸ ಬುಡಬ್ಯಾಡ. ಅವ್ಳು ಹೆರಿಗೆಗೆ ಹೋದಾಗ ನೀನು ಕುಂತ್ಕೊ. ಅವ್ಳು ಬಂದಾಗ ಎದ್ದು ಕೊಡು.”

ಅದೆಲ್ಲ ಆಫೀಸಿನವರು ಹೇಳಿದಂತೆ, ನಮ್ಮ ಕೈಯಲ್ಲಿ ಏನಿದೆ ಅತ್ತೆ ಅಂತ ಭುವನಾ ಗೊಣಗಿದಳು.

“ಆಫೀಸ್ನೋರ ಮಾತು ಆಮೇಲೆ. ಈಗಿಂದ್ಲೇ ಇಬ್ರೂ ಕೂಡ್ಕಂಡು ಹೋಗಿ ಕೇಳಿ, ಒಬ್ರಾದ್ಮೇಲೆ ಒಬ್ರು ಕುಂತ್ಕತೀವಿ ಅಂತ. ನಿಂಗ್ಯಾರೂ ಎದ್ದು ಕೊಡ್ಲಿಲ್ಲ ಕಣಮ್ಮ, ನಿಜ. ನೀನು ಏಳ್ತೀಯೋ ಇಲ್ವೋ, ಅಷ್ಟು ಹೇಳು.”

ಏಳ್ತೀನಿ ಅತ್ತೆ. ಎರಡೇ ಮಾತು. ಅದನ್ನು ಹೇಳಿಬಿಟ್ಟರೆ ಮುದುಕಿಗೂ ಸಮಾಧಾನ, ತನಗೂ ಸಮಾಧಾನ. ಆದರೆ ಬೆನ್ನಿಗೆ ತಾಗುವ ಕಂಬದ ತಂಪು ಭುವನಾಳ ನೆನಪಿಗೆ ಬಂತು. ಅಲ್ಲಿ ಒಂದು ಸಲ ಕೂತ ಮೇಲೆ, ಬಾಣಂತಿಯೊಬ್ಬಳು ಬಂದು ಎದುರಿಗೆ ನಿಂತರೆ ತಾನು ಏಳುವೆನೇ? ಗೊತ್ತಿರಲಿಲ್ಲ. ಈ ಎರಡು ತಿಂಗಳಲ್ಲಿ ಅತ್ತೆಗೆ ಹೇಳಿದ ಸುಳ್ಳುಗಳಿಂದಲೇ ಅವಳಿಗೆ ಸಾಕಾಗಿಹೋಗಿತ್ತು, ಇನ್ನೊಂದನ್ನು ಸೇರಿಸಲು ಮನಸ್ಸಾಗಲಿಲ್ಲ.

ಪುಟ್ಟಿ ಎದ್ದು ಮುಲುಗುಟ್ಟಿತು. ಭುವನಾ ಸೆರಗು ಮರೆಮಾಡಿ ಎದೆಗೆ ಹಾಕಿಕೊಂಡಳು. ಹಾಲು ಹೆಚ್ಚಿರಲಿಲ್ಲ, ಆದರೂ ಕೂಸು ಇವತ್ತು ಮುಖ ತಿರುಗಿಸದೆ ಚೀಪುತ್ತಿತ್ತು. ಬಸ್ಸು ಪುರವರ ಮುಟ್ಟುವ ತನಕ ಚಿಕ್ಕಹನುಮಕ್ಕ ಉತ್ತರಕ್ಕಾಗಿ ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಭುವನಾ ಕೂಸಿನ ಮುಖ ನೋಡುತ್ತಿದ್ದಳು.